ಸಿದ್ ತಾತನಿಗೆ ಹಿಡಿದ ಮೀನು

ಜಪಾನಿನ ಸ್ಕ್ವೇರ್ ಕಂಪನಿ 1994ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ವಿಡಿಯೊ ಗೇಮ್ ಯಂತ್ರಕ್ಕಾಗಿ ಹೊರತಂದ ‘ಫೈನಲ್ ಫ್ಯಾಂಟಸಿ 6’ ಆಟವನ್ನು ನಾನು ಆಡಿದ್ದು, 2022ರಲ್ಲಿ ಅದು ಹೊಸ ರೂಪದಲ್ಲಿ ಕಂಪ್ಯೂಟರಿಗೆ ಬಂದ ಮೇಲೆ. ಇಂಥ ಆಟಗಳಲ್ಲಿ ಖಳನು ಲೋಕವನ್ನು ನಾಶಮಾಡುತ್ತೇನೆಂದು ಬೆದರಿಸುವುದು ವಾಡಿಕೆ. ಇಲ್ಲಿನ ಕೆಫ್ಕಾ ಆ ಕೆಲಸವನ್ನು ಆಟದ ನಡುವೆಯೇ ಮಾಡಿ ಮುಗಿಸುತ್ತಾನೆ. ನಾನು ಬರೆಯಬೇಕೆಂದುಕೊಂಡಿರುವುದು ಅದರ ಮರುಕ್ಷಣದಲ್ಲಿ ಬರುವ ಒಂದು ಸಣ್ಣ ಪ್ರಸಂಗದ ಬಗ್ಗೆ.

ಒಂದು ವರ್ಷ ಕಳೆದಿದೆ. ಸಾಮ್ರಾಜ್ಯದ ಸೇನಾನಿಯಾಗಿದ್ದ ಸೆಲೆಸ್ ನಿರ್ಜನ ದ್ವೀಪವೊಂದರ ಮನೆಯಲ್ಲಿ ಕಣ್ಣು ಬಿಡುತ್ತಾಳೆ. ಜೊತೆಗಿರುವವನು ಹಿಂದೆ ಅದೇ ಸಾಮ್ರಾಜ್ಯದ ವಿಜ್ಞಾನಿಯಾಗಿದ್ದ ಸಿದ್ ಒಬ್ಬನೇ; ಅವನನ್ನು ಅವಳು ಈಗ ತಾತ ಎನ್ನತೊಡಗುತ್ತಾಳೆ. ಅಲ್ಲಿಯವರೆಗೆ ಕತ್ತಿ, ಮಂತ್ರ, ಕವಚಗಳ ಲೆಕ್ಕಾಚಾರದಲ್ಲಿ ಮುಳುಗಿಸಿದ್ದ ಆಟ, ಹಾಸಿಗೆ ಹಿಡಿದ ಈ ಮುದುಕನಿಗೆ ದಡದಿಂದ ಮೀನು ಹಿಡಿದು ತಾ ಎನ್ನುತ್ತದೆ. ವೇಗವಾಗಿ ಈಜುವ ಮೀನು ಅವನಿಗೆ ಹಿತ. ನಿಧಾನವಾಗಿ ತೇಲುವುದನ್ನು ತಿನ್ನಿಸಿದರೆ ಸ್ಥಿತಿ ಬಿಗಡಾಯಿಸುತ್ತದೆ. ಯುದ್ಧದಲ್ಲಿ ನಮ್ಮವರೆಲ್ಲರ ಪ್ರಾಣಶಕ್ತಿಯನ್ನು ಅಂಕಿಗಳಲ್ಲಿ ತೋರಿಸುವ ಆಟ ಸಿದ್‌ನದನ್ನು ಮಾತ್ರ ಮುಚ್ಚಿಡುತ್ತದೆ. ಆದರೆ ಒಳಗೊಳಗೇ ಎಣಿಕೆ ನಡೆದಿದ್ದು, ಹೊತ್ತು ಹೋದಂತೆಲ್ಲ ಅದು ಇಳಿಯುತ್ತಿರುತ್ತದೆ. ಮನೆಯಲ್ಲಿ ಕಾಯಿಲೆ ಬಿದ್ದ ಹಿರಿಯರು ‘ಪರವಾಗಿಲ್ಲ’ ಎಂದಾಗ ನಾವು ಅವರ ದನಿಯನ್ನು ಅಳೆಯುವಂತೆ, ನಾನು ಅವನ ಒಂದೆರಡು ಸಾಲಿನ ಮಾತುಗಳನ್ನು ತೂಗಿ ನೋಡುತ್ತ, ದಡಕ್ಕೂ ಹಾಸಿಗೆಗೂ ಓಡಾಡುತ್ತ ಒಂದು ಭಾನುವಾರದ ಮಧ್ಯಾಹ್ನವನ್ನು ಕಳೆದೆ. ತಾತ ಚೇತರಿಸಿಕೊಂಡ. ತಾನು ಕಟ್ಟಿಟ್ಟಿದ್ದ ತೆಪ್ಪವನ್ನು ತೋರಿಸಿ, ಹೋಗಿ ಗೆಳೆಯರನ್ನು ಹುಡುಕು ಎಂದ.

ಆಮೇಲೆ ಕುತೂಹಲ ತಡೆಯದೆ ಹಳೆಯ ಸೇವ್ (ಆಟವನ್ನು ನಡುವೆ ಉಳಿಸಿಟ್ಟಿದ್ದ ಹಂತ) ತೆರೆದು, ಮೀನು ಹಿಡಿಯದೆ ಕಾದೆ. ತಾತ ತೀರಿಕೊಂಡರೆ ಸೆಲೆಸ್ ಬದುಕುವ ಆಸೆಯನ್ನೇ ತೊರೆದು ಕಡಲ ಬಂಡೆಯಿಂದ ಧುಮುಕುತ್ತಾಳೆ. ಅಲೆಗಳು ಅವಳನ್ನು ಜೀವಸಹಿತ ದಡಕ್ಕೆ ತಂದು ಹಾಕುತ್ತವೆ. ಅಲ್ಲೊಂದು ಗಾಯಗೊಂಡ ಹಕ್ಕಿಗೆ ಯಾರೋ ಕಟ್ಟಿರುವ ಬಟ್ಟೆ ಗೆಳೆಯ ಲಾಕ್‌ನ ತಲೆವಸ್ತ್ರದಂತಿದೆ. ಹಿಂದೆ ಒಪೆರಾ ರಂಗದ ಮೇಲೆ ಅವಳು ಹಾಡಿದ್ದ ರಾಗವನ್ನೇ ಸಂಗೀತಕಾರ ನೊಬುಒ ಉಎಮಾತ್ಸು ಈ ದೃಶ್ಯದ ಹಿನ್ನೆಲೆಗೆ ತಂದಿದ್ದಾರೆ. ಕಥೆಯಾಗಿ ನೋಡಿದರೆ ಈ ದಾರಿಯೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ; ಸಿದ್ ಬದುಕಿದರೆ ಇಷ್ಟೆಲ್ಲ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹಾಗಿದ್ದೂ ನಾನು ಮುಂದಿನ ಆಟವನ್ನು ಆಡಿದ್ದು ತಾತ ಬದುಕಿದ್ದ ಸೇವ್‌ನಿಂದಲೇ. ಒಳ್ಳೆಯ ದೃಶ್ಯಕ್ಕಾಗಿ ಒಬ್ಬ ಮುದುಕನನ್ನು ಹಸಿವಿನಿಂದ ಸಾಯಲು ಬಿಡುವುದು, ಅವನು ಒಂದಿಷ್ಟು ಬಣ್ಣದ ಚುಕ್ಕೆಗಳಷ್ಟೇ ಆಗಿದ್ದರೂ, ನನ್ನಿಂದಾಗಲಿಲ್ಲ.

ಅಲ್ಲಿಂದಾಚೆಗೆ ಆಟವಿಡೀ ಇದೇ ಧಾಟಿಯಲ್ಲಿ ಸಾಗುತ್ತದೆ. ಒಟ್ಟು 14 ಮುಖ್ಯ ಪಾತ್ರಗಳಿದ್ದರೂ ಕೆಫ್ಕಾನ ಗೋಪುರಕ್ಕೆ ನುಗ್ಗಲು ಸೆಲೆಸ್, ಎಡ್ಗರ್, ಸೆಟ್ಜರ್ ಈ ಮೂವರಿದ್ದರೆ ಸಾಕು. ಉಳಿದವರನ್ನು ಹುಡುಕಲೇಬೇಕೆಂಬ ಒತ್ತಾಯವಿಲ್ಲ. ನಾನು ಎಲ್ಲರನ್ನೂ ಹುಡುಕಿದೆ. ಅವರಲ್ಲಿ ಶ್ಯಾಡೋ ಎಂಬ ಬಾಡಿಗೆ ಹಂತಕನೂ ಇದ್ದ. ಲೋಕ ಒಡೆಯುವ ಹೊತ್ತಿನಲ್ಲಿ, ಪರದೆಯ ಮೇಲೆ ಇಳಿಯುತ್ತಿರುವ ಗಡಿಯಾರದ ಕೊನೆಯ ಕೆಲವು ಸೆಕೆಂಡುಗಳವರೆಗೆ ಅವನಿಗಾಗಿ ಕಾದರಷ್ಟೇ ಅವನು ಬದುಕುಳಿಯುತ್ತಾನೆ. ನಾನು ಕಾದೆ. ಕೊನೆಗೆ, ಕುಸಿಯುತ್ತಿರುವ ಗೋಪುರದಿಂದ ಎಲ್ಲರೂ ಓಡುವಾಗ ಆತ ತಾನಾಗಿಯೇ ಹಿಂದೆ ಉಳಿದುಬಿಡುತ್ತಾನೆ. ಅಲ್ಲಿ ಆಟಗಾರನಿಗೆ ಒತ್ತಲು ಯಾವ ಗುಂಡಿಯನ್ನೂ ಕೊಟ್ಟಿಲ್ಲ.