ಭದ್ರಾ ಹಿನ್ನೀರಿನ ಟರ್ನ್‌ಗೆ ಎಷ್ಟು ಉದ್ದದ ಲೆನ್ಸ್?

ಭದ್ರಾ ಅಣೆಕಟ್ಟಿರುವ ಲಕ್ಕವಳ್ಳಿಯಲ್ಲಿ, ರಿವರ್ ಟರ್ನ್ ಎಂಬ ನೀರುಹಕ್ಕಿಯ ಚಿತ್ರಕ್ಕೆಂದು ಕ್ಯಾಮೆರಾ ಹಿಡಿದು ದೋಣಿ ಹತ್ತುವವರ ಮೊದಲ ಪ್ರಶ್ನೆ, ‘600 ಎಂಎಂ ಸಾಕಾಗುತ್ತಾ?’ ಹಾರುವ ಹಕ್ಕಿಗೆ ಅದು ಬಹಳ ಸಲ ಹೆಚ್ಚೇ ಆಗುತ್ತದೆ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಎಂಎಂಗೆ ಕಾಣುವುದು ಮೂಲೆಯಿಂದ ಮೂಲೆಗೆ ಸುಮಾರು 4 ಡಿಗ್ರಿ, ಅದಕ್ಕಿಂತ ಸಣ್ಣ 1.5 ಕ್ರಾಪ್ ಸೆನ್ಸರ್‌ನಲ್ಲಿ 3 ಡಿಗ್ರಿಯೂ ಇಲ್ಲ. ಅಷ್ಟು ಸಣ್ಣ ಕಿಂಡಿಯಲ್ಲಿ ರಿವರ್ ಟರ್ನನ್ನು ಹುಡುಕುವಷ್ಟರಲ್ಲಿ ಅದು ಮೀನು ಹಿಡಿದು ಮರಿಗೆ ತಿನ್ನಿಸಿಯೂ ಆಗಿರುತ್ತದೆ.

ಹಾಗಾಗಿ ಜೂಮ್ ತೆಗೆದುಕೊಳ್ಳಿ. 300ರಲ್ಲಿ ಹಕ್ಕಿಯನ್ನು ಫ್ರೇಮಿಗೆ ತಂದು, ಫೋಕಸ್ ಕೂತ ಮೇಲೆ 500–600ಕ್ಕೆ ಹೋಗಿ. ಸೋನಿ 200–600, ನಿಕಾನ್ ಝಡ್ 180–600 ಎರಡೂ 2 ಕೆಜಿ ಆಸುಪಾಸು. ಜೂಮ್ ಮಾಡಿದರೂ ಕೊಳವೆ ಮುಂದಕ್ಕೆ ಚಾಚುವುದಿಲ್ಲ, ಕೈಯಲ್ಲಿ ತೂಕ ಆಚೀಚೆ ಆಗುವುದಿಲ್ಲ. ಬಜೆಟ್ ಕಡಿಮೆಯಿದ್ದರೆ ಕ್ಯಾನನ್‌ನ ಹಳೆಯ ಇಎಫ್ 400 ಎಂಎಂ ಎಫ್/5.6 ಸೆಕೆಂಡ್ ಹ್ಯಾಂಡ್ ನೋಡಿ: 1,250 ಗ್ರಾಂ ಅಷ್ಟೇ. ಅದರಲ್ಲಿ ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ ಎಂದು ಮೂಗು ಮುರಿಯುವವರಿದ್ದಾರೆ. 1/2500 ಸೆಕೆಂಡಿನ ಶಟರ್‌ನಲ್ಲಿ ಅದು ಯಾಕೆ ಬೇಕು? ಲೆನ್ಸಿನ ಉದ್ದ ಹೆಚ್ಚಿಸುವ 1.4 ಕನ್ವರ್ಟರ್ ಮಾತ್ರ ಬೇಡ, ಆ ಜೂಮ್‌ಗಳ ಎಫ್/6.3 ಹೋಗಿ ಎಫ್/9 ಆಗಿ, ಒಳಬರುವ ಬೆಳಕು ಅರ್ಧಕ್ಕಿಳಿಯುತ್ತದೆ.

ನಿಜವಾದ ತೊಂದರೆ ಎಕ್ಸ್‌ಪೋಶರ್‌ದು, ಅಂದರೆ ಬೆಳಕಿನ ಅಳತೆಯದು. ಟರ್ನ್ ಒಂದೇ ಸುತ್ತಿನಲ್ಲಿ ಹೊಳೆಯುವ ನೀರು, ಕಪ್ಪಗಿನ ಕಾಡು, ಬೆಳ್ಳನೆಯ ಆಕಾಶ ಮೂರರ ಮುಂದೆಯೂ ಹಾಯುತ್ತದೆ. ಸೆನ್ಸರ್‌ನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಆರಿಸುವ ಆಟೋ ಐಎಸ್‌ಒ ಹಿನ್ನೆಲೆಯನ್ನು ನೋಡಿ ಕುಣಿಯುತ್ತದೆ: ಕಾಡಿನ ಮುಂದೆ ಬಿಳಿ ಎದೆ ಸುಟ್ಟುಹೋಗುತ್ತದೆ, ಆಕಾಶದ ಮುಂದೆ ಹಕ್ಕಿ ಕಪ್ಪಾಗುತ್ತದೆ. ಹಕ್ಕಿಯ ಮೇಲಿನ ಬಿಸಿಲು ಮಾತ್ರ ಬದಲಾಗಿರುವುದಿಲ್ಲ. ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಮ್ಯಾನ್ಯುಯಲ್‌ನಲ್ಲಿ ಕೂರಿಸಿ. ಬೆಳಗಿನ ಎಳೆ ಬಿಸಿಲಿಗೆ ಎಫ್/6.3, 1/2500, ಐಎಸ್‌ಒ 800ರಿಂದ ಶುರುಮಾಡಿ. ಸುಟ್ಟ ಬಿಳಿಯನ್ನು ತೋರಿಸುವ ಹೈಲೈಟ್ ವಾರ್ನಿಂಗ್ ಎದೆಯ ಮೇಲೆ ಮಿಣುಕಿದರೆ ಐಎಸ್‌ಒ ಇಳಿಸಿ. ಮೋಡ ಬಂದಾಗಷ್ಟೇ ಮತ್ತೆ ಕೈಹಚ್ಚಿ.

ಲೆನ್ಸ್ ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಫೋಕಸ್ ಲಿಮಿಟರ್ ಅನ್ನು ದೂರದ ರೇಂಜಿಗಿಡಿ, ಸೋನಿಯಲ್ಲಾದರೆ 10 ಮೀಟರ್‌ನಿಂದ ಅನಂತ. ಇಲ್ಲದಿದ್ದರೆ ಒಮ್ಮೆ ಹಕ್ಕಿ ತಪ್ಪಿದಾಗ ಲೆನ್ಸ್ ಹತ್ತಿರದ ತುದಿಯವರೆಗೂ ಹೋಗಿ ಬರುತ್ತದೆ. ರೆಕ್ಕೆ ಬಾಗಿ ವಿಕಾರವಾಗಿ ಬಂದಿದ್ದರೆ, ಚಿತ್ರವನ್ನು ಸಾಲುಸಾಲಾಗಿ ಓದುವ ಎಲೆಕ್ಟ್ರಾನಿಕ್ ಶಟರ್ ಕಾರಣ. ಬೇಗ ಓದುವ ಸ್ಟ್ಯಾಕ್ಡ್ ಸೆನ್ಸರ್ ಇಲ್ಲದ ಬಾಡಿಯಲ್ಲಿ ಮೆಕ್ಯಾನಿಕಲ್‌ಗೆ ಬದಲಿಸಿ. ದೋಣಿಯಲ್ಲಿ ಟ್ರೈಪಾಡ್ ಬೇಡ, ಎಂಜಿನ್‌ನ ನಡುಕ ಕಾಲಿನಿಂದಲೇ ಏರುತ್ತದೆ.

ಬಿಸಿಲೇರಿದ ಮೇಲೆ ದೂರದ ಚಿತ್ರಗಳೆಲ್ಲ ಮೆತ್ತಗೆ ಬಂದರೆ ಲೆನ್ಸನ್ನು ಬಯ್ಯಬೇಡಿ, ಬಿಸಿಗಾಳಿಯ ಅಲೆ ಅದು; ಎಷ್ಟು ದುಬಾರಿ ಗಾಜೂ ಅದನ್ನು ದಾಟಲಾರದು. ಹಾಗೆಂದು ದೋಣಿಯನ್ನು ನಡುಗಡ್ಡೆಗೆ ಒತ್ತಿಸಬೇಡಿ: ಗೂಡು ಬರಿನೆಲದಲ್ಲಿರುತ್ತದೆ, ತಾಯಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.