ಮಿಲೆಯ ‘ವಸಂತ’: ಮಳೆ ನಿಂತ ಗಳಿಗೆ

ಫ್ರಾನ್ಸಿನ ಝಾನ್-ಫ್ರಾನ್ಸ್ವಾ ಮಿಲೆಯನ್ನು ಹಕ್ಕಲಾಯುವ ಹೆಂಗಸರ ಚಿತ್ರಕಾರನೆಂದೇ ಬಹುಮಂದಿ ನೆನೆಯುತ್ತಾರೆ. ನನ್ನ ಮನಸ್ಸು ಮಾತ್ರ ಅವನ ‘ವಸಂತ’ದತ್ತಲೇ ಹೊರಳುತ್ತದೆ. ಕಲಾಪೋಷಕ ಫ್ರೆಡೆರಿಕ್ ಹಾರ್ಟ್‌ಮನ್ 1868ರಲ್ಲಿ ಬರೆಯಲು ಹೇಳಿದ ನಾಲ್ಕು ಋತುಗಳ ಸರಣಿಯ ಈ ಚಿತ್ರ 1873ರಲ್ಲಿ ಮುಗಿಯಿತು; ಈಗ ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಆಗಷ್ಟೇ ಮಳೆ ಸುರಿಸಿದ ಕಪ್ಪು ಆಕಾಶದಲ್ಲಿ ಕಾಮನಬಿಲ್ಲು ಮೂಡಿದ್ದು, ಮೋಡದ ಸಂದಿನಿಂದ ಇಳಿದ ಬಿಸಿಲಿಗೆ ಹಸಿ ಹುಲ್ಲೂ, ಹೂಬಿಟ್ಟ ಸೇಬಿನ ಮರಗಳೂ, ತೋಟದ ನಡುವಿನ ಕಾಲುದಾರಿಯೂ ಒಮ್ಮೆಲೇ ಬೆಳಗುತ್ತವೆ. ದೂರದ ಮರವೊಂದರ ಅಡಿಯಲ್ಲಿ ಉಗುರಿನಷ್ಟು ಚಿಕ್ಕದಾಗಿ ಒಬ್ಬ ಮನುಷ್ಯನಿದ್ದಾನೆ. ರೈತರನ್ನೇ ಚಿತ್ರದ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಮಿಲೆ, ಇಲ್ಲಿ ಅವನನ್ನು ಹಿಂದೆ ಸರಿಸಿ ನೆಲಕ್ಕೂ ಬೆಳಕಿಗೂ ಜಾಗ ಬಿಟ್ಟುಕೊಟ್ಟದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಸರಣಿಯ ‘ಚಳಿಗಾಲ’ ಪೂರ್ತಿಯಾಗುವ ಮೊದಲೇ, 1875ರಲ್ಲಿ, ಅವನು ಬಾರ್ಬಿಝೋನ್ ಹಳ್ಳಿಯಲ್ಲಿ ತೀರಿಕೊಂಡನು.