ಜೋಗದಲ್ಲಿ ಮಂಜು ಸರಿಯುವ ಆ ಎರಡು ನಿಮಿಷ

ಮಳೆಗಾಲದ ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕು ಧಾರೆಗಳೂ ಒಟ್ಟಿಗೆ ಕಾಣುವುದು ಮಂಜು ಮನಸ್ಸು ಮಾಡಿದಾಗ ಮಾತ್ರ. ಹಾಗಾಗಿ ಫೋಟೊ ತೆಗೆಯುವವರು ಮಂಜು ಕವಿದಿರುವಾಗಲೇ ಟ್ರೈಪಾಡ್ ನಿಲ್ಲಿಸಿ ಸಿದ್ಧವಾಗಿರಬೇಕು. ಮೊದಲ ಸಲ ತೆರೆ ಸರಿದ ಕೂಡಲೇ ಬಂಡೆಯಂಚಿಗೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ಹಾಕಿಬಿಡಿ. ಆಟೋದಲ್ಲೇ ಬಿಟ್ಟರೆ ಮಂಜಿನಲ್ಲಿ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತಲೇ ಇರುತ್ತದೆ, ಅಷ್ಟರಲ್ಲಿ ತೆರೆ ಮತ್ತೆ ಮುಚ್ಚಿರುತ್ತದೆ.

ಹತ್ತಾರು ಸೆಕೆಂಡ್ ಶಟರ್ ತೆರೆದು ನೀರನ್ನು ಹಾಲು ಮಾಡುವುದು ಜೋಗಕ್ಕೆ ಒಗ್ಗುವುದಿಲ್ಲ. 253 ಮೀಟರ್ ಬೀಳುವ ನೀರಿಗೆ ಎಳೆಗಳಿವೆ, ಅವು ಉಳಿಯಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್ 11, ಶಟರ್ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್ ಸಾಕು. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರನ್ನು ತಿರುಗಿಸುತ್ತಾ ಹೋದರೆ ಒದ್ದೆ ಬಂಡೆಯ ಮೇಲಿನ ಬಿಳಿ ಹೊಳಪು ಕರಗಿ, ಕಪ್ಪು ಕಲ್ಲೂ ಪಾಚಿಯ ಹಸಿರೂ ಮೆಲ್ಲಗೆ ಮೇಲೆದ್ದು ಬರುತ್ತವೆ. ನೋಡಲೇ ಚೆಂದ! ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ, ಅಂದರೆ ಹಿಸ್ಟೋಗ್ರಾಮ್, ಬಲದಂಚಿಗೆ ತಾಗಿದರೆ ನೀರಿನ ಬಿಳಿ ಸುಟ್ಟಿದೆ ಎಂದರ್ಥ, ಎಕ್ಸ್‌ಪೋಷರ್ ಇಳಿಸಿ.

ಎಸಿ ಕಾರಿನಿಂದ ತಂದ ತಣ್ಣನೆಯ ಲೆನ್ಸ್ ತಕ್ಷಣ ಬೆವರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಡಿ, ಒರೆಸಿ ಉಪಯೋಗವಿಲ್ಲ. ಒಣ ಬಟ್ಟೆ ನಾಲ್ಕೈದಿರಲಿ. ಹುಲ್ಲಿಗಿಳಿಯುವವರು ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ರಕ್ತ ಹೀರುವ ಉಂಬಳಕ್ಕೆ ಉಪ್ಪು ಇಟ್ಟುಕೊಳ್ಳಿ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿ ಮೈದುಂಬಿ ಧುಮುಕುವ ದಿನಗಳೇ ಕಡಿಮೆ. ಅದಕ್ಕೇ ಜೋರು ಮಳೆಯ ಸುದ್ದಿ ಬಂದರೆ ಜೀವ ಅತ್ತಲೇ ಎಳೆಯುತ್ತದೆ. ಬ್ಯಾಟರಿ ಎರಡೂ ಚಾರ್ಜಾಗಿವೆ.